ಗೆರೆ ಎಳೆಯುವ ಮುನ್ನ

ಮತ್ತಿಗಿರಿಯ ನಾವು ಗಡಿಗೆರೆಯ ಪರಿಣಾಮವನ್ನು ಬಲ್ಲವರು. 1956ರಲ್ಲಿ ಭಾಷಾವಾರು ಪ್ರಾಂತಗಳು ರೂಪುಗೊಂಡಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು; ನಮ್ಮ ಮನೆಮಾತು ಕನ್ನಡವಾಗಿಯೇ ಉಳಿಯಿತು. ಮತಕ್ಷೇತ್ರದ ಗೆರೆಯಾದರೋ ಆಗಾಗ ಬದಲಾಗುವಂಥದು. 2002ರ ಕಾಯಿದೆಯನ್ವಯ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು ಕ್ಷೇತ್ರಗಳನ್ನು ಪುನರ್ವಿಂಗಡಿಸಿತು. ಶಾಸಕರೂ ಸಂಸದರೂ ಅದರಲ್ಲಿ ಸಹಸದಸ್ಯರು ಮಾತ್ರ. ಅವರಿಗೆ ಮತ ನೀಡುವ ಅಧಿಕಾರವಿರಲಿಲ್ಲ. ಸ್ಪರ್ಧಿಸುವವರೇ ತಮ್ಮ ಕಣವನ್ನು ಅಳೆಯಬಾರದೆಂಬ ಈ ವಿವೇಕವನ್ನು ನಾನು ಮೆಚ್ಚುತ್ತೇನೆ.

ಆದರೂ ಒಂದು ಅಳುಕಿದೆ. ಭೂಸ್ವರೂಪ, ಆಡಳಿತದ ಎಲ್ಲೆ, ಸಂಪರ್ಕ ಸೌಕರ್ಯ, ಸಾರ್ವಜನಿಕ ಅನುಕೂಲ ಇವನ್ನು ಗಮನಿಸಬೇಕೆನ್ನುವ ಕಾಯಿದೆ ಭಾಷೆಯನ್ನು ಹೆಸರಿಸುವುದಿಲ್ಲ. ಹೊಸೂರು ಮತ್ತು ತಳಿ ವಿಧಾನಸಭಾ ಕ್ಷೇತ್ರಗಳಲ್ಲಿ ಹರಡಿಕೊಂಡಿರುವ ಕನ್ನಡಿಗರಿಗೆ ಇದು ಸಣ್ಣ ಮಾತಲ್ಲ. ತನ್ನ ಪ್ರತಿನಿಧಿಯೊಡನೆ ತನ್ನ ನುಡಿಯಲ್ಲಿ ಅಹವಾಲು ಹೇಳಿಕೊಳ್ಳುವುದೂ ಸಾರ್ವಜನಿಕ ಅನುಕೂಲವೇ ಅಲ್ಲವೇ?

ಆಯೋಗದ ಅಂತಿಮ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು ಆ ಕಾಯಿದೆಯೇ ಹೇಳುತ್ತದೆ. ಕರಡು ಪ್ರಕಟವಾಗಿ ಆಕ್ಷೇಪಣೆಗಳನ್ನು ಕರೆದು, ಬಹಿರಂಗ ವಿಚಾರಣೆ ನಡೆಸುವಾಗಲೇ ನಾವು ಮಾತನಾಡಬೇಕು. ಮುಂದಿನ ಪುನರ್ವಿಂಗಡಣೆಯ ಚರ್ಚೆ ಈಗಾಗಲೇ ನಡೆದಿದೆ. ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ಗೆಳೆಯರೇ, ನಮ್ಮ ಹಳ್ಳಿಗಳ ಕನ್ನಡ ಶಾಲೆಗಳನ್ನೂ ಕನ್ನಡದ ಮನೆಗಳನ್ನೂ ಇಂದೇ ಎಣಿಸಿ ಬರೆದಿಡೋಣ. ಆ ದಿನ ಹಿರಿಯರ ಕೈಗೆ ಕೊಡಲು ನಮ್ಮಲ್ಲಿ ಬರೆದ ಆಧಾರವಿರಲಿ.