ಒಂದು ಕಂಬ ಓಟ, ಎರಡು ಕಂಬ ನಡಿಗೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹೆದ್ದಾರಿಯಲ್ಲಿ ಕುಂಭಾರಿ ದಾಟಿದ ಮೇಲೆ ಒಂದು ಮಣ್ಣಿನ ದಾರಿ ಹೊಲಗಳ ಕಡೆ ಹೊರಳುತ್ತದೆ. ಎರಡೂ ಬದಿಗೆ ಎರೆಹೊಲ, ಒಂದು ಮಗ್ಗುಲಿಗೆ ಸಾಲಾಗಿ ಕರೆಂಟಿನ ಕಂಬ. ಹೋದ ವರ್ಷ ದಸರೆ ಮುಗಿದ ವಾರ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ನಾನು ಓಡಲು ಕಲಿತದ್ದು ಆ ದಾರಿಯಲ್ಲಿ.

ರಕ್ತ ತಪಾಸಣೆ ಮಾಡಿಸಿದಾಗ ಸಕ್ಕರೆ ಹೊಸ್ತಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ್ದರು. ಹೃದಯ ಪರೀಕ್ಷೆಯನ್ನೂ ಮಾಡಿ, ದಿನಾ ನಡೆಯಿರಿ, ಮೈಗೆ ಒಗ್ಗಿದರೆ ನಿಧಾನಕ್ಕೆ ಓಡಿ ಎಂದರು. ಆದರೆ ಅದೊಂದೇ ಕಾರಣವಲ್ಲ. ಚಿಕ್ಕಂದಿನಲ್ಲಿ ನಾವೆಲ್ಲ ಓಡಿದವರೇ. ಶಾಲೆಗೆ, ಬಾವಿಗೆ, ಅಂಗಡಿಗೆ, ಜಾತ್ರೆಗೆ ಓಡಿಯೇ ಹೋದವರು. ಯಾವತ್ತು ನಿಂತಿತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಅದು ಮತ್ತೆ ಬೇಕು ಎಂಬ ಆಸೆ ನನ್ನೊಳಗೆ ಬಹಳ ದಿನಗಳಿಂದ ಇತ್ತು.

ಮೊದಲ ದಿನ ಬೂಟಿನ ದಾರ ಬಿಗಿದು, ಹತ್ತು ವರ್ಷದ ಹುಡುಗನಾಗಿದ್ದಾಗ ಹೇಗೆ ಓಡುತ್ತಿದ್ದೆನೋ ಹಾಗೇ ಓಡಿದೆ. ಮೂರನೆಯ ಕಂಬಕ್ಕೆ ಉಸಿರು ಕಟ್ಟಿತು. ಬಲಪಕ್ಕೆಲುಬಿನ ಕೆಳಗೆ ಚುಚ್ಚಿ ಹಿಡಿಯಿತು, ಗಂಟಲಲ್ಲಿ ಕಬ್ಬಿಣದ ರುಚಿ. ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತಾಗ ಹಾಲಿನ ಕ್ಯಾನು ಕಟ್ಟಿದ ಮೋಟಾರ್ ಸೈಕಲ್ಲೊಂದು ಪಕ್ಕದಲ್ಲಿ ನಿಂತಿತು. "ಯಾಕ್ರಿ ಗುರುಗಳ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?" ಎಂದು ಅವನು ಕೇಳಿದ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ನಮ್ಮ ಕಡೆ ದೊಡ್ಡವರು ಓಡಿದರೆ ಏನೋ ಆಗಿದೆ ಎಂದೇ ಅರ್ಥ.

ಓಟ ಇಲ್ಲಿ ಇಲ್ಲವೆಂದಲ್ಲ. ನಸುಕಿನ ಐದು ಗಂಟೆಗೆ ಬಂದು ನೋಡಿ, ಹೆದ್ದಾರಿಯ ಅಂಚಿನಲ್ಲಿ ಹುಡುಗರ ಗುಂಪುಗಳು ಓಡುತ್ತಿರುತ್ತವೆ. ಅವರದು ಭರತಿಯ ಓಟ. ಮಹಾರಾಷ್ಟ್ರ ಪೊಲೀಸ್ ಭರತಿಗೆ ಹುಡುಗರು 1600 ಮೀಟರ್ ಓಡಬೇಕು, ಹುಡುಗಿಯರು 800 ಮೀಟರ್. ಅದರ ಮೇಲೆ 100 ಮೀಟರ್ ಓಟ, ಗುಂಡು ಎಸೆತ. ಸೆಕೆಂಡಿಗೆ ಅಂಕ, ಅಂಕಕ್ಕೆ ನೌಕರಿ, ನೌಕರಿಗೆ ಇಡೀ ಮನೆಯ ಬದುಕು. ಹಾಗಾಗಿ ಓಟವೆಂದರೆ ಜೋರು, ಕೊನೆಯ ಉಸಿರಿನವರೆಗೂ ಜೋರು ಎಂಬ ತಿಳಿವಳಿಕೆ ಊರಿಗೆಲ್ಲ ಹಬ್ಬಿದೆ. ನನ್ನ ತಲೆಯಲ್ಲಿದ್ದದ್ದೂ ಅದೇ.

ಅದನ್ನು ತಿದ್ದಿದವಳು ಒಬ್ಬ ಹುಡುಗಿ. ಕುಂಭಾರಿಯ ಗೋದೂತಾಯಿ ಪರುಳೇಕರ್ ವಸಾಹತಿನವಳು. ಬೀಡಿ ಕಟ್ಟುವ ಹೆಂಗಸರ ಹೆಸರಿನಲ್ಲಿ ಅಲ್ಲಿ 10,000 ಮನೆಗಳು ಎದ್ದದ್ದು ಬಹಳ ವರ್ಷದ ಹೋರಾಟದ ನಂತರ. 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗ್ ಬಂದು ಹಸ್ತಾಂತರಿಸಿದರು. ಅಲ್ಲಿ ಬೆಳೆದ ಈ ಹುಡುಗಿ ನಾಲ್ಕನೆಯ ಇಯತ್ತೆಯವರೆಗೆ ನಮ್ಮ ಕನ್ನಡ ಶಾಲೆಯಲ್ಲಿ ಓದಿದ್ದಳು. ಈಗ ಪೊಲೀಸ್ ಭರತಿಗೆ ತಯಾರಿ. ಎರಡನೆಯ ದಿನವೂ ನಾನು ಅದೇ ಮೂರನೆಯ ಕಂಬದ ಹತ್ತಿರ ಬಗ್ಗಿ ನಿಂತಿದ್ದಾಗ ಎದುರಿನಿಂದ ಓಡಿ ಬಂದಳು.

"ಸರ್, ಹಂಗ ಓಡಬ್ಯಾಡ್ರಿ. ಒಂದ ಕಂಬ ಓಡ್ರಿ, ಎರಡ ಕಂಬ ನಡೀರಿ. ಓಡೂವಾಗ ಮಾತಾಡ್ಕೋತ ಓಡ್ರಿ. ಮಾತು ತುಂಡಾಗಾಕತ್ತಂದ್ರ ಜೋರ ಆತಂತ ತಿಳ್ಕೋರಿ."

"ಏನ್ ಮಾತಾಡ್ಲವಾ?"

ಅವಳು ಒಂದು ಗಳಿಗೆ ಯೋಚಿಸಿದಳು. "ಹದಿಮೂರರ ಮಗ್ಗಿ ಹೇಳ್ರಿ ಸರ್."

ಅವಳಿಗೆ ಆ ಮಗ್ಗಿ ಕಲಿಸಿದವನು ನಾನೇ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು ಎನ್ನುತ್ತ ಅವಳ ಪಕ್ಕದಲ್ಲಿ ಹೆಜ್ಜೆ ಹಾಕಿದೆ. ಹದಿಮೂರೇಳ್ಲೆಗೆ ದನಿ ತುಂಡಾಯಿತು. "ಸಾವಕಾಶ, ಸರ್" ಎಂದಳು. ಇನ್ನೂ ನಿಧಾನಿಸಿದೆ. ಇದು ಓಟವೋ ನಡಿಗೆಯೋ ಎನ್ನುವಷ್ಟು ನಿಧಾನ. ಹದಿಮೂರ್ಹತ್ಲೆ ನೂರಾಮೂವತ್ತಕ್ಕೆ ಕಂಬ ಬಂತು. ಉಸಿರು ಎದೆಯಲ್ಲೇ ಇತ್ತು, ಗಂಟಲಿಗೆ ಏರಿರಲಿಲ್ಲ.

ದೂರದ ಓಟ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲವೆಂದು ನಾನು ಈಗಲೂ ನಂಬಿದ್ದೇನೆ. ಮಾತಾಡಲು ಆಗುವಷ್ಟು ನಿಧಾನವಾಗಿ ಓಡಿದಾಗಲೇ ಮೈ ದೂರಕ್ಕೆ ಸಜ್ಜಾಗುತ್ತದೆ. ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಹೃದಯ ಕಲಿಯುತ್ತದೆ. ಸ್ನಾಯುಗಳ ಒಳಗೆ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇದೆಲ್ಲ ವಾರಗಟ್ಟಲೆ ನಡೆಯುವ ಕೆಲಸ. ಒಂದೇ ದಿನ ಎದೆಯೊಡೆದುಕೊಂಡು ಓಡಿದರೆ ಮರುದಿನ ಏಳಲು ಮನಸ್ಸೇ ಬರುವುದಿಲ್ಲ, ಹೆಚ್ಚಿನವರು ಓಟ ಬಿಡುವುದು ಆ ಮರುದಿನವೇ.

ನನಗೆ ಪೆಟ್ಟು ಬಿದ್ದದ್ದು ನಾಲ್ಕನೆಯ ವಾರ. ಎರಡು ಕಂಬ ಓಡಿ ಒಂದು ಕಂಬ ನಡೆಯುವ ಮಟ್ಟಕ್ಕೆ ಬಂದಿದ್ದೆ. ಉಸಿರು ಹಗುರಾಗಿತ್ತು. ಆ ಹುರುಪಿನಲ್ಲಿ ಒಂದು ಭಾನುವಾರ ನಡಿಗೆಯನ್ನೇ ಬಿಟ್ಟು ಓಡಿದೆ. ಸೋಮವಾರ ಬೆಳಗ್ಗೆ ಮೊಣಕಾಲ ಕೆಳಗೆ, ಮುಂಭಾಗದ ಎಲುಬಿನ ಒಳಬದಿಯಲ್ಲಿ, ಬೆರಳಿಟ್ಟರೆ ಜೀವ ಹೋಗುವಂಥ ನೋವು. ಉಸಿರು ಬೇಗ ಪಳಗುತ್ತದೆ, ಎಲುಬು ಮತ್ತು ಸ್ನಾಯುರಜ್ಜು ತಡವಾಗಿ ಪಳಗುತ್ತವೆ. ಓಡುವಾಗ ನೆಲಕ್ಕೆ ಊರಿದ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ಒಂದು ಕಿಲೋಮೀಟರಿಗೆ ಅಂಥ ಹೆಜ್ಜೆ ಸಾವಿರಕ್ಕೂ ಮಿಕ್ಕಿ. ಎದೆ ತಯಾರಾಗಿದೆ ಎಂದು ಕಾಲೂ ತಯಾರಾಗಿರುವುದಿಲ್ಲ. ಹತ್ತು ದಿನ ಓಟ ನಿಲ್ಲಿಸಿ ಬರೀ ನಡೆದೆ. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ ಓಡುವುದನ್ನು ರೂಢಿ ಮಾಡಿಕೊಂಡೆ. ನಡುವಿನ ಆ ಬಿಡುವಿನಲ್ಲೇ ಕಾಲು ಗಟ್ಟಿಯಾಗುವುದು.

ಈ ಸಹನೆ ನಮ್ಮ ನೆಲಕ್ಕೆ ಹೊಸದಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಜಾತ್ರೆ. ಆಳೆತ್ತರದ ಎಷ್ಟೋ ಪಟ್ಟು ಎತ್ತರವಿರುವ ಏಳು ನಂದಿಧ್ವಜಗಳು ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಪ್ರದಕ್ಷಿಣೆ ಹೊರಡುತ್ತವೆ. ಹೊರುವವರು ಆ ದಿನವೇ ಬಂದು ಹೆಗಲು ಕೊಡುವುದಿಲ್ಲ. ಮುಂಚಿನಿಂದಲೇ ತಾಲೀಮು ನಡೆಸಿರುತ್ತಾರೆ, ಸೊಂಟ, ಭುಜ, ಹೆಜ್ಜೆ ಮೂರೂ ಆ ಕೋಲಿನ ತೂಕಕ್ಕೆ ಹೊಂದುವವರೆಗೆ. ಇನ್ನು ನಮ್ಮ ಹೆದ್ದಾರಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಡೆದು ಹೋಗುವವರನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ. ಹೆಚ್ಚು ಕಡಿಮೆ ನಲವತ್ತು ಕಿಲೋಮೀಟರ್. ಮ್ಯಾರಥಾನ್ ಎಂದರೆ 42.195. ಅರವತ್ತು ದಾಟಿದ ಅಜ್ಜಿಯರು ಚಪ್ಪಲಿ ಕೈಯಲ್ಲಿ ಹಿಡಿದು ಸುಮಾರು ಅಷ್ಟೇ ದೂರವನ್ನು ನಡೆದು ಮುಗಿಸುತ್ತಾರೆ. ದೂರ ಅವರಿಗೆ ಭಯ ಹುಟ್ಟಿಸುವುದಿಲ್ಲ, ಏಕೆಂದರೆ ಅವರಿಗೆ ಅವಸರವಿಲ್ಲ.

ಮ್ಯಾರಥಾನಿನ ಮಾತು ಬಂದಾಗ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ದೂರ ಓಡುವುದನ್ನು ದೊರಾಬ್ಜಿ ಟಾಟಾ ಕಂಡರು. ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಅವರಿಗೆ ಅನ್ನಿಸಿತು. 1920ರಲ್ಲಿ ಆಂಟ್ವರ್ಪ್‌ಗೆ ಹೋದ ಪುಟ್ಟ ತಂಡದಲ್ಲಿ ಚೌಗುಲೆ ಇದ್ದರು. ಆ ವರ್ಷದ ದಾರಿ 42.75 ಕಿಲೋಮೀಟರ್, ಒಲಿಂಪಿಕ್ಸ್ ಮ್ಯಾರಥಾನುಗಳಲ್ಲೇ ಅತಿ ಉದ್ದದ್ದು. ಅವರು ಅದನ್ನು ಎರಡು ಗಂಟೆ ಐವತ್ತು ನಿಮಿಷ ಚಿಲ್ಲರೆಯಲ್ಲಿ ಓಡಿ ಹತ್ತೊಂಬತ್ತನೆಯವರಾದರು. ಇನ್ನು ಬೀಡ ಜಿಲ್ಲೆಯ ಅವಿನಾಶ್ ಸಾಬಳೆ ಸೈನ್ಯಕ್ಕೆ ಸೇರಿದ ಮೇಲೆಯೇ ಸ್ಪರ್ಧೆಯ ಓಟಕ್ಕೆ ಇಳಿದವರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸ್ಟೀಪಲ್‌ಚೇಸಿನಲ್ಲಿ ಬೆಳ್ಳಿ ಗೆದ್ದರು. ಶಾಲೆಯಲ್ಲಿ ಈ ಇಬ್ಬರ ಹೆಸರನ್ನೂ ನಾನು ಹಲಗೆಯ ಮೇಲೆ ಬರೆದು ಹೇಳುತ್ತೇನೆ.

ನಮ್ಮ ಹವೆಯಲ್ಲಿ ಓಡುವವರು ಸೂರ್ಯನ ಲೆಕ್ಕ ಇಡಲೇಬೇಕು. ಬೇಸಿಗೆಯಲ್ಲಿ ಸೊಲ್ಲಾಪುರ 40 ಡಿಗ್ರಿ ದಾಟುತ್ತದೆ, ಹೊತ್ತು ಹುಟ್ಟುವುದರೊಳಗೆ ಓಟ ಮುಗಿದಿರಬೇಕು. ಮಳೆ ಬಿದ್ದ ಮರುದಿನ ಎರೆಮಣ್ಣು ಬೂಟಿಗೆ ಕಿಲೋಗಟ್ಟಲೆ ಅಂಟುತ್ತದೆ, ಆಗ ಹೆದ್ದಾರಿಯೇ ಗತಿ. ಅಲ್ಲಿ ಎದುರು ಬರುವ ಗಾಡಿ ಕಣ್ಣಿಗೆ ಬೀಳುವ ಹಾಗೆ ಬಲ ಅಂಚಿನಲ್ಲಿ, ಬಿಳಿ ಅಂಗಿ ಹಾಕಿಕೊಂಡು ಓಡಬೇಕು. ಖರ್ಚು ಬೂಟಿನದು ಮಾತ್ರ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರುವಂಥದ್ದು, ಕಾಲು ಊದಿರುವ ಸಂಜೆ ಹೊತ್ತಿನಲ್ಲಿ ಹಾಕಿ ನೋಡಿ ಕೊಳ್ಳುವುದು ಒಳ್ಳೆಯದು. ಊಟಕ್ಕೆ ಹೊಸದೇನೂ ಬೇಕಿಲ್ಲ. ಓಡಿ ಬಂದು ಮೈ ಆರಿದ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮುಂದಿಟ್ಟುಕೊಂಡು ಕೂತಾಗ ಹಸಿವು ಎಂಬುದರ ನಿಜವಾದ ರುಚಿ ಗೊತ್ತಾಗುತ್ತದೆ.

ಎಳ್ಳಮವಾಸ್ಯೆಯ ಹಿಂದಿನ ದಿನ ನಾನು ಐದು ಕಿಲೋಮೀಟರ್ ನಿಲ್ಲದೆ ಓಡಿದೆ. ನಲವತ್ತಮೂರು ನಿಮಿಷ. ಜೋಳ ಎದೆಮಟ್ಟ ಬಂದು ಮಂಜು ಹೊದ್ದು ನಿಂತಿತ್ತು. ಕೊನೆಯ ಕಂಬ ಮುಟ್ಟಿದಾಗ ಸುತ್ತ ಯಾರೂ ಇರಲಿಲ್ಲ, ನನಗೆ ಅಳು ಬಂತು.

ಕಳೆದ ತಿಂಗಳು ಆ ಹುಡುಗಿ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಆಕೆ ಮೂವತ್ತು ವರ್ಷದಿಂದ ಬೀಡಿ ಕಟ್ಟುವವಳು. ಬೆಳಗಿನಿಂದ ಕತ್ತಲವರೆಗೆ ಮೊರ ತೊಡೆಯ ಮೇಲಿಟ್ಟು, ಬೆನ್ನು ಬಗ್ಗಿಸಿ, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ. ಎದ್ದರೆ ಸೊಂಟ ನೆಟ್ಟಗಾಗುವುದಿಲ್ಲ ಎಂದು ಮಗಳು ನಡೆಯಲು ಕರೆತಂದಿದ್ದಳು. ಮೂರು ವಾರ ಆಕೆ ನಡೆದಳು. ಒಂದು ದಿನ ನಾನು ಓಡಿ ಹಿಂದಿರುಗಿ ಬರುವಾಗ ದಾರಿಯ ನಡುವೆ ನಿಂತಿದ್ದಳು.

"ಗುರುಗಳ, ಒಂದ ಕಂಬ ನಾನೂ ಓಡ್ಲ್ಯಾ?"

ಸೆರಗು ಸೊಂಟಕ್ಕೆ ಬಿಗಿದಳು. ಹವಾಯಿ ಚಪ್ಪಲಿ ಬಿಟ್ಟು ದಂಡೆಗೆ ಜೋಡಿಸಿ ಇಟ್ಟಳು. ಆಮೇಲೆ ಓಡಿದಳು, ಬಳೆ ಸಪ್ಪಳ ಮಾಡುತ್ತ, ಮಗಳು ಒಂದು ಬದಿಗೆ, ನಾನು ಇನ್ನೊಂದು ಬದಿಗೆ. ದಿನವಿಡೀ ಬೀಡಿ ಎಣಿಸಿ ರೂಢಿಯಾದ ಬಾಯಿ ತಾನಾಗಿಯೇ ಹೆಜ್ಜೆ ಎಣಿಸತೊಡಗಿತು. ಇಪ್ಪತ್ತಮೂರು, ಇಪ್ಪತ್ತನಾಕು, ಇಪ್ಪತ್ತೈದು. ದನಿ ತುಂಡಾಗಲಿಲ್ಲ. ಕಂಬಕ್ಕೆ ಅಂಗೈ ಊರಿ ನಿಂತು, "ಎಪ್ಪತ್ತೊಂದು" ಎಂದಳು. ತಂಬಾಕಿನ ಕಪ್ಪು ಹಿಡಿದ ಬೆರಳುಗಳು ಸಿಮೆಂಟಿನ ಮೇಲೆ ಅಗಲವಾಗಿ ಚಾಚಿದ್ದವು. ಕಣ್ಣು ಆಗಲೇ ಮುಂದಿನ ಕಂಬದ ಮೇಲಿತ್ತು.

"ಅವ್ವಾ, ಈಗ ಎರಡ ಕಂಬ ನಡೀಬೇಕು" ಎಂದಳು ಮಗಳು.

ಮೂವರೂ ನಡೆದೆವು.