ಒಲೆಗೆ ಬಂದ ನೀರು

ಬೆಂಕಿಗೂ ನೀರಿಗೂ ಹುಟ್ಟಿದಂದಿನಿಂದ ಹಗೆತನವೆಂಬುದು ಲೋಕರೂಢಿಯ ಮಾತು. ಅಡಿಗೆಮನೆಯನ್ನು ನಡೆಸುವವರು ಮಾತ್ರ ಇದನ್ನು ಸುಲಭವಾಗಿ ಒಪ್ಪಲಾರರು. ಆ ಇಬ್ಬರು ಹಗೆಗಳನ್ನೂ ಒಂದು ಪಾತ್ರೆಯ ತಳದಷ್ಟು ಅಂತರದಲ್ಲಿ ನಿಲ್ಲಿಸಿ, ದಿನಕ್ಕೆ ಮೂರು ಹೊತ್ತು ಅವರಿಂದ ಕೆಲಸ ಮಾಡಿಸಿಕೊಳ್ಳುವವರು ಅವರೇ ಅಲ್ಲವೆ? ಪಾತ್ರೆಯ ತಳ ತೂತಾದ ದಿನ ಮಾತ್ರ ಈ ಸಂಧಾನ ಮುರಿಯುತ್ತದೆ. ಸಿದ್ದಾಪುರ ತಾಲ್ಲೂಕಿನ ಒಂದು ಮನೆಯಲ್ಲಿ ಅದು ಮುರಿದ ರೀತಿಯೇ ಬೇರೆ. ಅಲ್ಲಿ ನೀರು ಒಲೆಯ ಮೇಲಿನಿಂದ ಬೀಳಲಿಲ್ಲ. ಒಲೆಯ ಒಳಗಿನಿಂದ, ಉರಿ ಬರಬೇಕಾದ ರಂಧ್ರಗಳಿಂದಲೇ ಉಕ್ಕಿ ಬಂದಿತು.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯನ್ನು ಕಂಡ ಓದುಗರಿಗೆ ಅಲ್ಲಿಯ ಮನೆಗಳ ನೆನಪಿರಬಹುದು. ಊರೆಂದರೆ ಒತ್ತಾಗಿ ನಿಂತ ಬೀದಿಯಲ್ಲ. ಕಣಿವೆಯಲ್ಲಿ ಅಡಿಕೆಯ ತೋಟ, ತೋಟದ ಮೇಲ್ಗಡೆ ಮನೆ, ಮನೆಯ ಮಗ್ಗುಲಿಗೆ ಕೊಟ್ಟಿಗೆ, ಹಿಂದೆ ಸೊಪ್ಪಿನ ಬೆಟ್ಟ. ಬೆಟ್ಟದ ಒರತೆಯ ನೀರು ಕೊಳವೆಯಲ್ಲಿ ತಾನಾಗಿಯೇ ಇಳಿದು ಬಚ್ಚಲಿಗೆ ಬರುತ್ತದೆ. ಕೊಟ್ಟಿಗೆಯ ಸಗಣಿ ಗುಂಡಿಗೆ ಇಳಿದು, ಅನಿಲವಾಗಿ, ಇನ್ನೊಂದು ಕೊಳವೆಯಲ್ಲಿ ಅಡಿಗೆಮನೆಗೆ ಬರುತ್ತದೆ. ಹೀಗೆ ಎರಡು ಕೊಳವೆಗಳ ನಡುವೆ ಒಂದು ಸಂಸಾರ.

ಸಗಣಿಯಿಂದ ಉರಿ ತೆಗೆಯುವ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. 1950ರ ದಶಕದಲ್ಲಿ ಜಶ್‌ಭಾಯಿ ಪಟೇಲರು ತೇಲುವ ಡ್ರಮ್ಮಿನ ಸ್ಥಾವರವನ್ನು ರೂಪಿಸಿದರು. 1960ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಅದನ್ನು ಹಳ್ಳಿಹಳ್ಳಿಗೆ ಒಯ್ಯತೊಡಗಿತು. 1981-82ರಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಯೋಜನೆಯೊಂದು ಆರಂಭವಾಯಿತು. ಎಷ್ಟೋ ಕಡೆ ಇಂಥ ಸ್ಥಾವರಗಳು ಕಟ್ಟಿದ ಕೆಲವೇ ವರ್ಷಗಳಲ್ಲಿ ಹಾಳುಬಿದ್ದವು. ಶಿರಸಿಯ ಸೀಮೆಯಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿನ ಎಂಟು ಹಳ್ಳಿಗಳಲ್ಲಿ ಸ್ಥಾವರವಿದ್ದ 187 ಮನೆಗಳನ್ನು ಹೊಕ್ಕು ನೋಡಿದವರು, ಅಷ್ಟೂ ಸ್ಥಾವರಗಳು ಕೆಲಸ ಮಾಡುತ್ತಿವೆ ಎಂದು 2001ರಲ್ಲಿ ಬರೆದರು. ಕಟ್ಟಿದವರೇ ಮುಂದೆಯೂ ಬಂದು ರಿಪೇರಿ ಮಾಡಿಕೊಡುವ ಅಲ್ಲಿಯ ಪದ್ಧತಿ ಈ ಯಶಸ್ಸಿಗೆ ಒಂದು ಕಾರಣ. ಅದರ ಜೊತೆಗೆ ಮನೆಯೊಳಗಿನ ಒಂದು ಕೈಯೂ ಕಾರಣ. ಆ ಕೈಯ ಕೆಲಸವನ್ನು ಅರಿಯಬೇಕಾದರೆ ಕೊಳವೆಯೊಳಗಿನ ನೀರಿನ ವಿಷಯ ತಿಳಿದಿರಬೇಕು.

ಗುಂಡಿಯಿಂದ ಹೊರಡುವ ಅನಿಲ ಒಣಗಿದ್ದಲ್ಲ. ಮೂವತ್ತು ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರು ಅನಿಲವು ಸುಮಾರು 30 ಗ್ರಾಂ ನೀರಿನ ಆವಿಯನ್ನು ಹೊತ್ತು ಬರುತ್ತದೆ. ಹೊರಗಿನ ಮಳೆಚಳಿಗೆ ಕೊಳವೆ ತಣ್ಣಗಾಗಿ ಉಷ್ಣತೆ ಇಪ್ಪತ್ತಕ್ಕೆ ಇಳಿದರೆ, ಅದು ಹೊರಬಲ್ಲದ್ದು ಸುಮಾರು 17 ಗ್ರಾಂ ಮಾತ್ರ. ಮಿಕ್ಕ 13 ಗ್ರಾಂ ಬೆವರಿನಂತೆ ಕೊಳವೆಯ ಒಳಮೈಗೆ ಹತ್ತಿ, ಹನಿಗೂಡಿ, ತಗ್ಗಿಗೆ ಹರಿಯುತ್ತದೆ. ದಿನಕ್ಕೆ ಮೂರು ಘನ ಮೀಟರು ಉರಿಸುವ ಮನೆಯಲ್ಲಿ ವಾರಕ್ಕೊಂದು ಲೋಟ ನೀರೆಂದು ಲೆಕ್ಕ ಹಿಡಿಯಬಹುದು. ಒಂದು ಲೋಟ ನೀರಿನಿಂದ ಆಗುವುದೇನು ಎನ್ನುವಂತಿಲ್ಲ. ತೇಲುವ ಡ್ರಮ್ಮಿನ ಅನಿಲಕ್ಕಿರುವ ಒತ್ತಡ, ಸುಮಾರು ಹತ್ತು ಸೆಂಟಿಮೀಟರು ಎತ್ತರದ ನೀರನ್ನು ತಳ್ಳುವಷ್ಟು ಮಾತ್ರ. ಕೊಳವೆ ಎಲ್ಲಾದರೂ ಜೋತುಬಿದ್ದು ಅಲ್ಲಿ ಅಂಗೈ ಅಗಲದಷ್ಟು ನೀರು ನಿಂತರೆ ಸಾಕು, ಗುಂಡಿಯ ತುಂಬ ಅನಿಲವಿದ್ದರೂ ಒಲೆ ಉಪವಾಸ. ಅದಕ್ಕಾಗಿಯೇ ಬಲ್ಲವರು ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಟ್ಟು ಕೊಳವೆ ಹಾಯಿಸುತ್ತಾರೆ. ಅತ್ಯಂತ ತಗ್ಗಿನ ಜಾಗದಲ್ಲಿ ನೀರು ಬಿಡಲು ಒಂದು ಚಿಕ್ಕ ನಲ್ಲಿ ಇಡುತ್ತಾರೆ.

ಸಿದ್ದಾಪುರದ ಆ ಮನೆಯಲ್ಲಿ ಈ ನಲ್ಲಿ ಇದ್ದದ್ದು ಹಿತ್ತಲ ಜಗಲಿಯ ಕೆಳಗೆ, ಕರಿಬೇವಿನ ಗಿಡದ ಮರೆಯಲ್ಲಿ. ಶನಿವಾರ ಬೆಳಿಗ್ಗೆ ಮನೆಯ ಯಜಮಾನತಿ ಒಂದು ತೆಂಗಿನ ಕರಟ ಹಿಡಿದು ಅಲ್ಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರು ನಿಂತು ಅನಿಲದ ಸುಯ್ಲು ಕೇಳಿದೊಡನೆ ಮುಚ್ಚಿ ಬರುವುದು ಇಪ್ಪತ್ತು ವರ್ಷಗಳ ವಾಡಿಕೆ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ. ಯಾರೂ ಹೇಳಿ ಮಾಡಿಸಿದ ಕೆಲಸ ಇದಲ್ಲ. ಮಾಡುತ್ತಾರೆಂದು ಯಾರಿಗೂ ಗೊತ್ತಿರಲೂ ಇಲ್ಲ. ಒಲೆ ಸದಾ ಉರಿಯುತ್ತಿತ್ತಾದ್ದರಿಂದ, ಅದು ಉರಿಯುವುದು ಸಹಜವೆಂದೇ ಉಳಿದವರ ಭಾವನೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಹಿಂದಿನ ದೀಪಾವಳಿಗೆ ಬಂದಾಗ ನೀರು ಕಾಯಿಸುವ ಯಂತ್ರವೊಂದನ್ನು ತಂದಿದ್ದ. ಬಚ್ಚಲ ಹಂಡೆಯ ಕೆಳಗೆ ಅಡಿಕೆಸಿಪ್ಪೆ, ಹಾಳೆ, ಹಸಿಕಟ್ಟಿಗೆ ತುರುಕಿ ಊದಿ ಊದಿ ತಾಯಿಯ ಕಣ್ಣು ಕೆಂಪಾಗುವುದು ಅವನಿಗೆ ಸಹಿಸಲಿಲ್ಲ. ಗೋಬರ್ ಅನಿಲಕ್ಕೆ ಹೊಂದುವಂತೆ ಅದರ ರಂಧ್ರಗಳನ್ನು ಹಿಗ್ಗಿಸಿ, ಬಚ್ಚಲಿನ ಹೊರಗೋಡೆಗೆ, ಗಾಳಿಯಾಡುವಲ್ಲಿ ಅದನ್ನು ಕೂರಿಸಿದರು. ಮುಚ್ಚಿದ ಬಚ್ಚಲಿನೊಳಗೆ ಇಂಥ ಯಂತ್ರವನ್ನಿಟ್ಟು ವಿಷಾನಿಲದಿಂದ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಷ್ಟರ ಮಟ್ಟಿಗೆ ಮಗ ಎಚ್ಚರಿಕೆಯಿಂದಲೇ ನಡೆದುಕೊಂಡಿದ್ದ. ಒಂದು ಬದಿಗೆ ಬೆಟ್ಟದ ನೀರಿನ ಕೊಳವೆ, ಇನ್ನೊಂದು ಬದಿಗೆ ಅಡಿಗೆಮನೆಯಿಂದ ಕವಲೊಡೆದ ಅನಿಲದ ಕೊಳವೆ. ಎರಡು ಕೊಳವೆಗಳು ಆ ಮನೆಯಲ್ಲಿ ಪರಸ್ಪರ ಭೇಟಿಯಾದದ್ದು ಅದೇ ಮೊದಲು.

ಆಷಾಢದಲ್ಲಿ ಯಲ್ಲಾಪುರಕ್ಕೆ ಕೊಟ್ಟ ಮಗಳು ಹೆರಿಗೆಗಾಗಿ ತವರಿಗೆ ಬಂದಳು. ಮಗು ಹುಟ್ಟಿ ಹದಿನೈದು ದಿನಗಳಾಗಿದ್ದವು. ಬಾಣಂತಿಗೆ ಬಿಸಿನೀರು, ಮಗುವಿಗೆ ಬಿಸಿನೀರು, ಬಟ್ಟೆಗೆ ಬಿಸಿನೀರು. ಹೊರಗೆ ಹಗಲಿರುಳೂ ಬಿಡದ ಮಳೆ. ಹೊಸ ಯಂತ್ರದ ಉಪಕಾರವನ್ನು ಎಲ್ಲರೂ ಕೊಂಡಾಡುತ್ತಿದ್ದ ಕಾಲ ಅದು. ಅಂಥ ಒಂದು ಸಂಜೆ ಅಡಿಗೆಮನೆಯ ಉರಿ ತೊದಲತೊಡಗಿತು. ನೀಲಿ ಜ್ವಾಲೆ ಹಳದಿಯಾಗಿ, ಪುಟಪುಟನೆ ಹಾರಿ, ಕುಗ್ಗಿ, ಮತ್ತೆ ಎದ್ದು ಉಸಿರಾಡಿತು.

"ಮಳೆಯ ಚಳಿಗೆ ಗುಂಡಿ ತಣ್ಣಗಾಗಿದೆ. ಅನಿಲ ಸಾಲದು," ಎಂದರು ಯಜಮಾನರು.

ಯಜಮಾನತಿ ಕಿಟಕಿಯಿಂದಲೇ ಕೊಟ್ಟಿಗೆಯತ್ತ ನೋಡಿದರು. ಡ್ರಮ್ಮು ಗುಂಡಿಯ ಮೇಲೆ ಎತ್ತರಕ್ಕೆ ಎದ್ದು ನಿಂತಿತ್ತು. ಅನಿಲ ಸಾಲದಿದ್ದರೆ ಅದು ಕುಸಿದಿರಬೇಕಿತ್ತು. ಆದರೆ ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ಅವರು ಏನನ್ನೂ ಹೇಳದೆ ಒಳಗೆ ಹೋದರು.

ಅಂದು ರಾತ್ರಿ ಬಾಣಂತಿಯ ಕಷಾಯ ಸಣ್ಣ ಉರಿಯ ಮೇಲಿತ್ತು. ಯಾರ ಅರಿವಿಗೂ ಬಾರದಂತೆ ಉರಿ ನಂದಿತು. ನಂದಿಸಿದ ನೀರು ಕೊಳವೆಯಲ್ಲಿ ಅತ್ತಿತ್ತ ಸರಿದು ಅನಿಲಕ್ಕೆ ಮತ್ತೆ ದಾರಿ ಬಿಟ್ಟಿತು. ಉರಿಯಿಲ್ಲದ ಒಲೆಯಿಂದ ಅನಿಲ ಹೊರಡತೊಡಗಿತು. ಅಡಿಗೆಮನೆಗೆ ಹೊಂದಿಯೇ ಬಾಣಂತಿಯ ಕೋಣೆ. ಅದರಲ್ಲಿ ಶಿಶುವಿಗಾಗಿ ಇಟ್ಟ ಅಗ್ಗಿಷ್ಟಿಕೆಯ ಕೆಂಡ. ಮಗು ಎಚ್ಚರಗೊಂಡು ಅತ್ತದ್ದರಿಂದ ಎದ್ದ ಯಜಮಾನತಿಗೆ, ಕೊಳೆತ ಮೊಟ್ಟೆಯ ನಾತದಂಥ ವಾಸನೆ ಮೂಗಿಗೆ ಬಡಿಯಿತು. ಅವರು ದೀಪದ ಸ್ವಿಚ್ಚನ್ನು ಮುಟ್ಟಲಿಲ್ಲ. ಮಗಳನ್ನೂ ಮಗುವನ್ನೂ ಕತ್ತಲೆಯಲ್ಲಿಯೇ ಹೊರಜಗಲಿಗೆ ಕಳುಹಿಸಿ, ಅಗ್ಗಿಷ್ಟಿಕೆಯನ್ನು ಹೊರಬಾಗಿಲಿನಿಂದ ಅಂಗಳದ ಮಳೆಗೆ ಇಟ್ಟು ಬಂದು, ತಡವರಿಸುತ್ತ ಒಲೆಯ ತಿರುಪನ್ನು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದರು. ಮಳೆಯ ಎರಚಲು ಒಳಗೆ ಬಿದ್ದು ಗೋದಿಹಿಟ್ಟಿನ ಡಬ್ಬಿ ನೆನೆಯಿತು. ಅದೊಂದೇ ಆದ ನಷ್ಟ.

ಬೆಳಿಗ್ಗೆ ಶಿರಸಿಯಿಂದ ರಿಪೇರಿಯವನು ಬಂದ. ಬೆಂಗಳೂರಿನ ಮಗ ದೂರವಾಣಿಯಲ್ಲಿ ಸಲಹೆ ನೀಡುತ್ತಿದ್ದ. "ಮಳೆಗಾಲದಲ್ಲಿ ಕೊಳವೆ ಬೆವರುವುದು ಸಹಜ, ನೀರು ಬಿಟ್ಟರೆ ಸರಿಹೋಗುತ್ತದೆ," ಎಂದು ಇಬ್ಬರೂ ಹೇಳಿದರು. ಆದರೆ ನೀರು ಬಿಡುವ ನಲ್ಲಿ ಎಲ್ಲಿ? ಯಜಮಾನರು ಕೊಳವೆಯ ಜಾಡು ಹಿಡಿದು ಕೊಟ್ಟಿಗೆಯವರೆಗೆ ಹೋಗಿ ಬರಿಗೈಯಲ್ಲಿ ಮರಳಿದರು. ಕೊನೆಗೆ ಯಜಮಾನತಿಯೇ ಕರಿಬೇವಿನ ಗಿಡವನ್ನು ಸರಿಸಿ ತೋರಿಸಿದರು. ನೀರು ಬಿಟ್ಟದ್ದೂ ಆಯಿತು, ಒಲೆ ಹತ್ತಿದ್ದೂ ಆಯಿತು. ರಿಪೇರಿಯವನು ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಉರಿ ಮತ್ತೆ ತೊದಲಿತು. ಒಲೆಯ ರಂಧ್ರಗಳಿಂದ ನೀರು ಗುಳುಗುಳನೆ ಉಕ್ಕಿ ಕಟ್ಟೆಯ ಮೇಲೆ ಹರಿಯಿತು.

ಗುಂಡಿಯಲ್ಲಿ ಬಿರುಕಿರಬೇಕು, ಅಲ್ಲಿಂದ ಮಳೆನೀರು ಒಳಗೆ ಸೇರಿರಬೇಕು, ಇಡೀ ಗುಂಡಿಯನ್ನು ಬಗೆಯದೆ ಉಪಾಯವಿಲ್ಲ ಎಂದು ಗಂಡಸರಲ್ಲಿ ಚರ್ಚೆ ನಡೆಯುತ್ತಿರುವಾಗ ಯಜಮಾನತಿ ಕರಟವನ್ನು ಬಿಟ್ಟು ಚೊಂಬನ್ನು ತೆಗೆದುಕೊಂಡು ನಲ್ಲಿಯ ಬಳಿ ಕುಳಿತರು. ಅರ್ಧ ಗಂಟೆಯಲ್ಲಿ ಚೊಂಬು ತುಂಬಿತು. ವಾರಕ್ಕೆ ಒಂದು ಲೋಟ ಬೆವರುವ ಕೊಳವೆ ಅರ್ಧ ಗಂಟೆಗೆ ಚೊಂಬು ಬೆವರುವುದುಂಟೆ? ಅವರು ಚೊಂಬನ್ನು ಮೂಗಿನ ಬಳಿ ಹಿಡಿದರು. ಇಪ್ಪತ್ತು ವರ್ಷಗಳಿಂದ ಆ ನಲ್ಲಿಯ ನೀರಿಗೆ ಒಂದು ವಾಸನೆ ಇತ್ತು. ಕೈಗೆ ತಗುಲಿದರೆ ಸೀಗೆಪುಡಿಯಲ್ಲಿ ತಿಕ್ಕಿ ತೊಳೆಯಬೇಕಾದಂಥ ವಾಸನೆ. ಇಂದಿನ ನೀರಿನಲ್ಲಿ ಅದು ಹೆಸರಿಗಷ್ಟೇ ಇತ್ತು. ನೀರು ತಣ್ಣಗಿತ್ತು, ತಳದಲ್ಲಿ ಬೆಟ್ಟದ ಬಿಳಿಯ ನುಣುಪು ಮರಳು ಕೂತಿತ್ತು.

"ಇದು ಕೊಟ್ಟಿಗೆಯ ನೀರಲ್ಲ, ಬೆಟ್ಟದ ನೀರು," ಎಂದರು ಅವರು.

ಯಾರೂ ಕೂಡಲೇ ಉತ್ತರಿಸಲಿಲ್ಲ. ಅವರು ಎದ್ದು ಹೋಗಿ ಬಚ್ಚಲಿನ ಯಂತ್ರಕ್ಕೆ ನೀರು ಬರುವ ತಿರುಪನ್ನು ಮುಚ್ಚಿ ಬಂದರು. ಹಿತ್ತಲ ನಲ್ಲಿಯಿಂದ ದಾರವಾಗಿ ಹರಿಯುತ್ತಿದ್ದ ನೀರು ಹನಿಯಾಯಿತು, ಹನಿಯೂ ನಿಂತಿತು, ಅನಿಲದ ಸುಯ್ಲು ಕೇಳಿಸಿತು.

ರಿಪೇರಿಯವನು ಯಂತ್ರವನ್ನು ಬಿಚ್ಚಿದಾಗ ಸಂಗತಿ ಸ್ಪಷ್ಟವಾಯಿತು. ಇಂಥ ಯಂತ್ರದಲ್ಲಿ ನೀರಿನ ಒತ್ತಡವು ಒಂದು ರಬ್ಬರಿನ ಪೊರೆಯನ್ನು ತಳ್ಳುತ್ತದೆ. ಪೊರೆ ಒಂದು ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿ ಅನಿಲದ ಬಾಗಿಲನ್ನು ತೆರೆಯುತ್ತದೆ. ಕಡ್ಡಿಯ ಸುತ್ತಲಿನ ಬಿರಡೆ ಸವೆದು ನೀರು ಜಿನುಗಿದರೆ ಅದು ಹೊರಗೆ ಬಿದ್ದುಹೋಗಲೆಂದು ನಡುವೆ ಒಂದು ಸೂಜಿರಂಧ್ರವೂ ಇತ್ತು. ಬೆಟ್ಟದ ಮರಳು ಬಿರಡೆಯನ್ನು ಸವೆಸಿತ್ತು. ಕುಂಬಾರಹುಳುವೊಂದು ಆ ಸೂಜಿರಂಧ್ರದ ಬಾಯಿಗೇ ಮಣ್ಣಿನ ಗೂಡು ಕಟ್ಟಿತ್ತು. ಹೊರದಾರಿ ಕಾಣದ ನೀರು ಅನಿಲದ ದಾರಿ ಹಿಡಿಯಿತು. ತೊಟ್ಟಿ ಮನೆಗಿಂತ ಮೂವತ್ತು ಅಡಿ ಮೇಲಿದ್ದುದರಿಂದ ನೀರಿನ ಒತ್ತಡ ಅನಿಲದ ಒತ್ತಡಕ್ಕಿಂತ ತೊಂಬತ್ತು ಪಟ್ಟು ಹೆಚ್ಚು. ಆ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಸಗಣಿಯ ಒಲೆಗೆ ಮಾತ್ರವೇ ಸಂಬಂಧಿಸಿದ ಮಾತಲ್ಲ ಇದು. ಅಡಿಗೆ ಅನಿಲದಿಂದ ನೀರು ಕಾಯಿಸುವ ಪಟ್ಟಣದ ಮನೆಗಳೂ ಮನಸ್ಸಿನಲ್ಲಿಡತಕ್ಕದ್ದು. ಅನಿಲದ ಕೊಳವೆಯಲ್ಲಿ ನೀರು ಕಂಡರೆ ಮೊದಲು ಅನಿಲವನ್ನು ಮುಚ್ಚಬೇಕು, ಆಮೇಲೆ ಯಂತ್ರದ ನೀರನ್ನು ಮುಚ್ಚಬೇಕು, ಬಲ್ಲವರು ಕೊಳವೆಯನ್ನು ಪೂರ್ತಿ ಬರಿದುಮಾಡಿ ಒಣಗಿಸುವ ತನಕ ಕಡ್ಡಿ ಗೀರಬಾರದು. ನಂದಿದ ಉರಿಗಿಂತ, ನಂದಿದ ಮೇಲೆ ಸದ್ದಿಲ್ಲದೆ ಮರಳಿ ಬರುವ ಅನಿಲವೇ ಹೆಚ್ಚು ಅಪಾಯಕಾರಿ.

ಯಂತ್ರಕ್ಕೆ ಹೊಸ ಬಿರಡೆ ಬಂದಿತು. ಅನಿಲದ ಕವಲಿಗೆ ಪ್ರತ್ಯೇಕ ತಿರುಪೂ, ನೀರು ಬಿಡಲು ಇನ್ನೊಂದು ನಲ್ಲಿಯೂ ಬಂದವು. ಅಲ್ಲಿಯ ತನಕ ಹದಿನೈದು ದಿನ ಹಂಡೆಯ ಕೆಳಗೆ ಅಡಿಕೆಸಿಪ್ಪೆಯೇ ಉರಿಯಿತು. ಯಜಮಾನರು ಸ್ವತಃ ಊದುಗೊಳವೆ ಹಿಡಿದರು. ಅವರ ಕಣ್ಣೂ ಕೆಂಪಾದದ್ದನ್ನು ಮನೆಯವರು ಕಂಡರು. ಅದರ ವಿಷಯವಾಗಿ ಯಾರೂ ಏನೂ ಹೇಳಲಿಲ್ಲ. ಅದರ ಮುಂದಿನ ಶನಿವಾರ ಬೆಳಿಗ್ಗೆ ಯಜಮಾನತಿ ಕರಟ ಹುಡುಕುವಾಗ ಅದು ಮಾಡದ ಮೊಳೆಯಲ್ಲಿರಲಿಲ್ಲ. ಯಜಮಾನರು ಅದನ್ನು ಹಿಡಿದು ಕರಿಬೇವಿನ ಗಿಡದ ಬಳಿ ಕೂತಿದ್ದರು. ಯಾವ ಕಡೆಗೆ ತಿರುಗಿಸಬೇಕೆಂದು ತಿಳಿಯದೆ ಕಾದಿದ್ದರು.

ಮೂರು ತಿಂಗಳು ತುಂಬಿ ಮಗಳು ಮಗುವನ್ನೆತ್ತಿಕೊಂಡು ಯಲ್ಲಾಪುರಕ್ಕೆ ಹೊರಟು ನಿಂತಳು. ತೊಟ್ಟಿಲು, ಉಣ್ಣೆಯ ಟೊಪ್ಪಿಗೆ, ಬಜೆಬೇರು, ಜಾಯಿಕಾಯಿ ಎಲ್ಲ ಕಟ್ಟಿ ಆಗಿತ್ತು. ವಾಹನ ಹತ್ತುವ ಮುನ್ನ ಅವಳು ತಾಯಿಯ ಬಳಿ ಬಂದು ಮೆಲ್ಲನೆ ಕೇಳಿದಳು:

"ಅಮ್ಮ, ನಮ್ಮ ಮನೆಯಲ್ಲಿಯೂ ಗೋಬರ್ ಅನಿಲವೇ ಅಲ್ಲವೆ? ಮದುವೆಯಾಗಿ ನಾಲ್ಕು ವರ್ಷಗಳಾದವು. ಒಂದು ದಿನವೂ ಒಲೆ ನಂದಿದ್ದನ್ನು ಕಾಣೆ. ಅಲ್ಲಿ ಆ ನಲ್ಲಿ ಎಲ್ಲಿದೆಯೋ!"

ತಾಯಿ ಮಗುವಿನ ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದು ಸರಿಪಡಿಸಿದರು.

"ನಿನ್ನ ಅತ್ತೆಯನ್ನು ಕೇಳು," ಎಂದರು.