ಹಾಸ್ಟೆಲ್ಲಿನ ಹುಡುಗರು

1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದೇ ತಡ, ಕಾಲೇಜುಗಳಲ್ಲಿ ಗಲಾಟೆ ಎದ್ದಿತು. ಮಂತ್ರಿ ರಾಜೀನಾಮೆ ಕೊಟ್ಟರು. ಏಟು ತಿಂದವರು ದಲಿತ ಹುಡುಗರು. ನಾನಾಗ ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದೆ. ನಾವು ದಲಿತ ಹುಡುಗರೆಲ್ಲ ಒಂದೇ ಕಟ್ಟಡದಲ್ಲಿ ಇದ್ದುದರಿಂದ ನಮ್ಮನ್ನು ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ. ರಾತ್ರಿ ಸರದಿಯಂತೆ ಕಾವಲು ಕೂರಲು ಜನ ಸಿಕ್ಕಿದ್ದೂ ಅದೇ ಕಾರಣಕ್ಕೆ.

ಅಲ್ಲಿ ಮುದ್ದೆ ಗಟ್ಟಿ, ಸಾರು ನೀರು. ಆದರೆ ಅರ್ಜಿ ಎಲ್ಲಿ ಸಿಗುತ್ತದೆ, ಜಾತಿ ಸರ್ಟಿಫಿಕೇಟಿಗೆ ಯಾರ ರುಜು ಬೇಕು, ಸ್ಕಾಲರ್‌ಶಿಪ್ ತಡವಾದರೆ ಯಾರನ್ನು ಕಾಣಬೇಕು ಎಂಬುದನ್ನೆಲ್ಲ ಹೇಳಿಕೊಟ್ಟವರು ಹಿರಿಯ ಹುಡುಗರೇ. ನನ್ನ ಪರೀಕ್ಷೆ ಫೀಸಿಗೆ ಚಂದಾ ಎತ್ತಿದವರೂ ಅವರೇ. ಭದ್ರಾವತಿಯ ಪ್ರೊ. ಬಿ. ಕೃಷ್ಣಪ್ಪ ಮೊದಲಾದವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ, ಕವಿ ಸಿದ್ಧಲಿಂಗಯ್ಯನವರ ಹಾಡು ಹೇಳಿಕೊಂಡು ಊರೂರು ತಿರುಗಿದೆವು. ನಮ್ಮೂರಿನಲ್ಲಿ ತಲೆ ಎತ್ತಿ ಮಾತಾಡಲು ಆಗದಿದ್ದವರು ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿದೆವು.

ಗುಂಪಿನ ಈ ಬಲವೂ ಬಿಟ್ಟಿ ಸಿಗಲಿಲ್ಲ. ಒಳಗಿನ ಮಾತನ್ನು ಹೊರಗೆ ಆಡುವಂತಿರಲಿಲ್ಲ. ನಮ್ಮೂರಲ್ಲಿ ಹೊಲೆಯರ ಕೇರಿ ಬೇರೆ, ಮಾದಿಗರ ಕೇರಿ ಬೇರೆ. ಹೆಣ್ಣು ಕೊಟ್ಟು ತರುವ ಮಾತೇ ಇಲ್ಲ. ಮೀಸಲಾತಿಯಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಎಂದು ಕೇಳಿದವನನ್ನು ‘ಒಗ್ಗಟ್ಟು ಮುರೀತಾನೆ’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೆಂಗಸರು ಬಂದರೆ ಹಾಡಲಿಕ್ಕೆ, ಬಡಿಸಲಿಕ್ಕೆ, ಮೈಕು ಗಂಡಸರದೇ. ಮುಂದೆ ಮೀಸಲಾತಿ ಹಂಚಿಕೆಯ ಅದೇ ಪ್ರಶ್ನೆ ಸದಾಶಿವ ಆಯೋಗದ ವರದಿಯಾಗಿ 2012ರಲ್ಲಿ ಸರ್ಕಾರದ ಕೈಸೇರಿ ವರ್ಷಗಟ್ಟಲೆ ಬೀರುವಿನಲ್ಲಿ ಕೂತಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಬಿಟ್ಟ ಮೇಲೆ ಈಗ ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಿದ್ದಾರೆ. ಪ್ರಶ್ನೆಯನ್ನು ಅಷ್ಟು ಕಾಲ ಅದುಮಿಟ್ಟರೂ ಒಗ್ಗಟ್ಟೇನೂ ಉಳಿಯಲಿಲ್ಲ. ಸಮಿತಿ ಎಂದೋ ಬಣಬಣವಾಗಿತ್ತು.

ನನ್ನ ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬಾಡಿಗೆ ಮನೆ ಕೇಳಲು ಹೋದರೆ ‘ನೀವು ಯಾವ ಪೈಕಿ?’ ಎಂದು ಅವನನ್ನು ಯಾರೂ ನೇರ ಕೇಳಲಿಲ್ಲವಂತೆ, ‘ನಾನ್‌ವೆಜ್ ಮಾಡ್ತೀರಾ?’ ಎಂದರಂತೆ. ಅವನ ಕಂಪನಿಯಲ್ಲಿ ಮೀಸಲಾತಿ ಇಲ್ಲ, ಮೀಸಲಾತಿಯ ಜೋಕು ಮಾತ್ರ ಊಟದ ಹೊತ್ತಿಗೆ ತಪ್ಪುವುದಿಲ್ಲ. ಇವನು ತಟ್ಟೆ ನೋಡಿಕೊಂಡು ಉಣ್ಣುತ್ತಾನೆ. ಇಂಥವರು ಅದೇ ಮಹಡಿಯಲ್ಲಿ ಇನ್ನೂ ಕೆಲವರಿರಬಹುದು. ಅವರೂ ತಟ್ಟೆ ನೋಡುವವರೇ ಆದ್ದರಿಂದ ಒಬ್ಬರಿಗೊಬ್ಬರು ಗೊತ್ತಿಲ್ಲ.

‘ನಿಮ್ಮ ಹಾಗೆ ಗುಂಪು ಕಟ್ಟಿದ್ರೆ ಅಪ್ರೈಸಲ್‌ನಲ್ಲಿ ಹೊಡೀತಾರಪ್ಪ’ ಎನ್ನುತ್ತಾನೆ. ಅವನ ಲೆಕ್ಕ ಸುಳ್ಳಲ್ಲ. ಗುಂಪಿನಲ್ಲಿದ್ದ ನಮಗೆ ಏಟು ಸಿಕ್ಕಿತು, ಫೀಸು ಸಿಕ್ಕಿತು, ಬಾಯಿಗೆ ಬೀಗವೂ ಬಿತ್ತು. ಗುರುತು ಹೇಳದ ಅವನಿಗೆ ಮನೆ ಸಿಕ್ಕಿದೆ, ಕಲ್ಲು ಬಿದ್ದಿಲ್ಲ. ಆದರೆ ನಾಳೆ ಕೆಲಸಕ್ಕೆ ಕುತ್ತು ಬಂದರೆ ಆಫೀಸಿನಲ್ಲಿ ಯಾರ ಹತ್ತಿರ ಹೋಗ್ತೀಯ ಎಂದು ಕೇಳಿದೆ. ಎಚ್‌ಆರ್ ಹತ್ತಿರ ಎಂದ.